ಲಲಿತಮಹಲು: ಒಂದು ಅತಿಥಿಗೃಹದ ಚರಿತ್ರೆ

ಪ್ರವೇಶ

ಕೆಲವು ವರ್ಷಗಳ ಹಿಂದೆ ನಮ್ಮ ಪ್ರೌಢಶಾಲೆಯ ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆಂದು ಮೈಸೂರಿಗೆ ಕರೆದೊಯ್ದಿದ್ದೆವು. ಚಾಮುಂಡಿಬೆಟ್ಟದಲ್ಲಿ ದೇವಿಯ ದರ್ಶನ ಮಾಡಿಸಿಕೊಂಡು ಇಳಿದು ಬರುವಾಗ, ದಾರಿಯ ತಿರುವೊಂದರಲ್ಲಿ ವಾಹನವನ್ನು ನಿಲ್ಲಿಸಿ, ಕೆಳಗೆ ಬಯಲಿನ ನಡುವೆ ಹಾಲಿನಲ್ಲಿ ಅದ್ದಿ ತೆಗೆದಂತೆ ಬೆಳ್ಳಗೆ ನಿಂತಿರುವ ಸೌಧವನ್ನು ಮಕ್ಕಳಿಗೆ ತೋರಿಸಿದೆ. "ಅದು ಲಲಿತಮಹಲು. ನಾಲ್ವಡಿ ಕೃಷ್ಣರಾಜ ಒಡೆಯರವರು ಕಟ್ಟಿಸಿದ್ದು. ಹಿಂದೆ ಅರಮನೆಯ ಅತಿಥಿಗೃಹವಾಗಿತ್ತು, ಆಮೇಲೆ ಹೋಟೆಲಾಯಿತು" ಎಂದು ಹೇಳಿದೆ. ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಕೂಡಲೇ ಕೇಳಿದಳು: "ಗುರುಗಳೇ, ಮಹಾರಾಜರು ಅಲ್ಲಿ ಅತಿಥಿಗಳ ಜೊತೆ ಕೂತು ಊಟ ಮಾಡುತ್ತಿದ್ದರೆ?"

ಪ್ರಶ್ನೆ ಸರಳವಾದುದು. ಆದರೆ ಆ ಕ್ಷಣದಲ್ಲಿ ನನಗೆ ಒಂದು ವಾಕ್ಯದ ಉತ್ತರ ಹೊಳೆಯಲಿಲ್ಲ. "ಊರಿಗೆ ಹೋದ ಮೇಲೆ ಹೇಳುತ್ತೇನಮ್ಮ" ಎಂದು ತಪ್ಪಿಸಿಕೊಂಡೆ. ಆ ಮಗುವಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಈ ಸ್ಮರಣ ಸಂಚಿಕೆಯ ವಾಚಕರ ಮುಂದೆ ಇಡುತ್ತಿದ್ದೇನೆ. ಕಟ್ಟಡದ ಚರಿತ್ರೆಯನ್ನು ಹೇಳುವಾಗ ಅದರ ಬಾಗಿಲು ಯಾವ ಕಾಲದಲ್ಲಿ ಯಾರಿಗೆ ತೆರೆದಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ. ಅದನ್ನು ಬಿಟ್ಟರೆ ಉಳಿಯುವುದು ಕಲ್ಲು ಸುಣ್ಣದ ಲೆಕ್ಕ ಮಾತ್ರ.

ಶಬ್ದವಿಚಾರ

ನನ್ನ ವೃತ್ತಿ ಭಾಷೆಯದು. ಆದುದರಿಂದ ಮೊದಲು ಶಬ್ದಗಳನ್ನು ವಿಚಾರಿಸೋಣ. ಅತಿಥಿ ಎಂಬ ಪದವನ್ನು ನಮ್ಮ ಹಿಂದಿನವರು ತಿಥಿಯಿಲ್ಲದವನು, ಅಂದರೆ ಇಂಥ ದಿನ ಬರುತ್ತೇನೆಂದು ಹೇಳಿ ಕಳುಹಿಸದೆ ಬರುವವನು ಎಂದು ಬಿಡಿಸಿ ಹೇಳುತ್ತ ಬಂದಿದ್ದಾರೆ. ತೈತ್ತಿರೀಯೋಪನಿಷತ್ತು ತಾಯಿ, ತಂದೆ, ಆಚಾರ್ಯ ಇವರ ಸಾಲಿನಲ್ಲಿಯೇ ಅತಿಥಿಯನ್ನೂ ನಿಲ್ಲಿಸಿ ದೇವರೆಂದು ಭಾವಿಸಬೇಕೆಂದು ಶಿಷ್ಯನಿಗೆ ಬೋಧಿಸುತ್ತದೆ. ಕರೆದು ಬಂದವನು ಆಮಂತ್ರಿತ, ಕರೆಯದೆ ಬಂದವನು ಅತಿಥಿ ಎಂಬ ಭೇದವನ್ನು ನಾವು ಈಗ ಮರೆತಿದ್ದೇವೆ.

ತಂಗುವ ಮನೆಗೆ ನಮ್ಮಲ್ಲಿ ಹೆಸರುಗಳು ಅನೇಕ. ಛತ್ರವೆಂದರೆ ಕೊಡೆ, ಬಿಸಿಲು ಮಳೆಗೆ ನೆರಳಾಗುವ ಮನೆಗೂ ಆ ಹೆಸರೇ ನಿಂತಿತು. ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ಎಡೆ ಅರವಟ್ಟಿಗೆ. ಮದುವೆಗೆ ಬಂದ ಬೀಗರನ್ನು ಇಳಿಸುವ ಮನೆ ಬಿಡದಿ. ಬಂಗಲೆ ಎಂಬುದು ಬಂಗಾಳದ ಹೆಸರಿನಿಂದ ಹುಟ್ಟಿ, ಆಂಗ್ಲರ ಬಾಯಲ್ಲಿ ಬೆಳೆದು, ನಮ್ಮಲ್ಲಿಗೆ ಬಂದ ಮಾತು. ಹೋಟೆಲು ಎಂಬುದು ಫ್ರೆಂಚ್ ಭಾಷೆಯ ಮೂಲಕ ಬಂದಿದ್ದರೂ ಅದರ ಬೇರು ಲ್ಯಾಟಿನ್ ಭಾಷೆಯ ಹಾಸ್ಪೆಸ್ ಎಂಬ ಪದದಲ್ಲಿದೆ. ವಿಚಿತ್ರವೆಂದರೆ ಆ ಒಂದೇ ಪದಕ್ಕೆ ಅತಿಥಿ ಎಂದೂ ಅರ್ಥ, ಅತಿಥೇಯ ಎಂದೂ ಅರ್ಥ. ರೋಗಿಗಳ ಆಸ್ಪತ್ರೆ, ವಿದ್ಯಾರ್ಥಿಗಳ ಹಾಸ್ಟೆಲು, ಪ್ರವಾಸಿಗಳ ಹೋಟೆಲು ಈ ಮೂರೂ ಆ ಒಂದೇ ತಾಯಿಯ ಮಕ್ಕಳು.

ಇನ್ನು ಲಲಿತಮಹಲು. ಲಲಿತವೆಂಬುದು ಸಂಸ್ಕೃತ, ಮಹಲೆಂಬುದು ಅರಬ್ಬೀ ಮೂಲದ್ದು, ಇಳಿದುಕೊಳ್ಳುವ ಎಡೆ ಎಂಬುದು ಅದರ ಮೊದಲ ಅರ್ಥ. ವ್ಯಾಕರಣದ ಕಟ್ಟುನಿಟ್ಟಿನಿಂದ ನೋಡಿದರೆ ಇದನ್ನು ಅರಿಸಮಾಸದ ಬಳಗಕ್ಕೆ ಸೇರಿಸಬೇಕಾದೀತು. ಆದರೆ ಅತಿಥಿಗಳಿಗಾಗಿ ಕಟ್ಟಿದ ಮನೆಯ ಹೆಸರಿನಲ್ಲಿ ಹೊರಗಿನಿಂದ ಬಂದ ಶಬ್ದವೊಂದು ಒಳಗಿನ ಶಬ್ದದೊಡನೆ ಕೂಡಿ ನೆಲೆಸಿರುವುದು ಅನುಚಿತವೆಂದು ನಾನಂತೂ ಹೇಳಲಾರೆ.

ನಮ್ಮ ನಡುಗಡ್ಡೆಯ ಬಂಗಲೆ

ಮೈಸೂರಿಗೆ ಹೋಗುವ ಮೊದಲು ನಮ್ಮ ನೆರೆಯನ್ನೇ ಸ್ವಲ್ಪ ನೋಡಬೇಕು. ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ನಡುವೆ ದ್ವೀಪವನ್ನು ಬಿಟ್ಟು, ಗಗನಚುಕ್ಕಿ ಭರಚುಕ್ಕಿಗಳಲ್ಲಿ ಧುಮುಕುವುದು ಸರ್ವವಿದಿತ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ದ್ವೀಪ ಹಾಳುಬಿದ್ದು ಕಾಡು ಬೆಳೆದಿತ್ತು. ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಬಳಿ ನೌಕರರಾಗಿದ್ದ ರಾಮಸ್ವಾಮಿ ಮೊದಲಿಯಾರರು ಇಲ್ಲಿಯ ಹಳೆಯ ಸೇತುವೆಗಳನ್ನು ಎತ್ತಿ ನಿಲ್ಲಿಸುವ, ದೇವಾಲಯಗಳನ್ನು ಜೀರ್ಣೋದ್ಧಾರ ಮಾಡುವ ಕಾರ್ಯವನ್ನು ಕೈಗೊಂಡರು. ಕೆಲಸ 1832ರ ವೇಳೆಗೆ ಮುಗಿಯಿತು. ಒಂದು ಸೇತುವೆಗೆ ಗವರ್ನರ್ ಜನರಲ್ ಆಗಿದ್ದ ವೆಲ್ಲೆಸ್ಲಿಯ ಹೆಸರು, ಇನ್ನೊಂದಕ್ಕೆ ಮದರಾಸಿನ ಗವರ್ನರ್ ಲಷಿಂಗ್ಟನ್ನನ ಹೆಸರು ಬಂದಿತು. ವೆಲ್ಲೆಸ್ಲಿ ನಮ್ಮ ಜನರ ಬಾಯಲ್ಲಿ ವೆಸ್ಲಿಯಾಯಿತು. ಕಲ್ಲಿನ ಕಂಬಗಳ ಮೇಲೆ ಕಲ್ಲಿನ ತೊಲೆ ಹಾಸಿದ ಆ ವೆಸ್ಲಿ ಸೇತುವೆಯ ಒಂದು ಭಾಗವನ್ನು 2018ರ ಪ್ರವಾಹ ಕೊಚ್ಚಿಕೊಂಡು ಹೋಯಿತು.

ಮೊದಲಿಯಾರರಿಗೆ ಜನೋಪಕಾರ ಕಾಮಕರ್ತ ಎಂಬ ಬಿರುದೂ ಜಹಗೀರಿಯೂ ದೊರೆತುವು. ಅವರು ಜಲಪಾತವನ್ನು ನೋಡಲು ಬರುವ ಪ್ರವಾಸಿಗಳಿಗಾಗಿ ಒಂದು ಬಂಗಲೆಯನ್ನೂ ಕಟ್ಟಿಸಿದರು. ಬಂದವರಲ್ಲಿ ಹೆಚ್ಚಿನವರು ಯುರೋಪಿಯನ್ನರು. ಆಗ ಈ ಕಡೆಯ ದಡ ಮೈಸೂರು ಸಂಸ್ಥಾನ, ಕೊಳ್ಳೇಗಾಲದ ಕಡೆಯ ದಡ ಮದರಾಸು ಪ್ರಾಂತ. 1956ರವರೆಗೂ ಹಾಗೆಯೇ ಇತ್ತು. ಎರಡು ರಾಜ್ಯಗಳ ಗಡಿಯಲ್ಲಿ, ಕಾಡಿನ ನಡುವೆ, ಖಾಸಗಿ ಗೃಹಸ್ಥರೊಬ್ಬರು ನಡೆಸಿದ ಆ ಬಂಗಲೆಯನ್ನು ನಮ್ಮ ಸೀಮೆಯ ಅತಿಥಿಗೃಹಗಳ ಚರಿತ್ರೆಯಲ್ಲಿ ಮರೆಯುವಂತಿಲ್ಲ. ಸೇತುವೆಯನ್ನು ಕಟ್ಟಿದವರು ದಾಟುವವನ ವಿಶ್ರಾಂತಿಯನ್ನೂ ಯೋಚಿಸಿದರು ಎಂಬುದು ಅದರ ವಿಶೇಷ.

ಬ್ಲಫ್ಫಿನ ಬೆಳಕು

ಜಲಪಾತದ ನೆತ್ತಿಯ ಕಡಿದಾದ ಕೋಡಿಗೆ ಆಂಗ್ಲ ಎಂಜಿನಿಯರುಗಳು ಬ್ಲಫ್ ಎಂದು ಹೆಸರಿಟ್ಟರು. ಅವರ ಭಾಷೆಯಲ್ಲಿ ಕಡಿದಾಗಿ ನಿಂತ ದಿಣ್ಣೆಗೆ ಆ ಮಾತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಮೇಜರ್ ಜೋಲಿ ಡಿ ಲಾಟ್ಬಿನಿಯರ್ ಎಂಬ ಎಂಜಿನಿಯರ ಯೋಜನೆಯಂತೆ, ನದಿಯಿಂದ ಕಾಲುವೆಯನ್ನು ತೆಗೆದು ಈ ಕೋಡಿನವರೆಗೆ ತಂದು, ಇಲ್ಲಿಂದ ಸುಮಾರು 400 ಅಡಿ ಆಳಕ್ಕೆ ಕೊಳವೆಗಳಲ್ಲಿ ನೀರನ್ನು ಇಳಿಸಿ ವಿದ್ಯುತ್ತನ್ನು ಪಡೆಯುವ ಕಾರ್ಯ ನಡೆಯಿತು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆಯವು. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವು. ಅವೆಲ್ಲ ಮದ್ದೂರಿನ ರೈಲು ನಿಲ್ದಾಣದಲ್ಲಿ ಇಳಿದು, ಎತ್ತು ಆನೆಗಳ ಬಲದಿಂದ ಮಳವಳ್ಳಿಯ ಸೀಮೆಯನ್ನು ದಾಟಿ ಇಲ್ಲಿಗೆ ಬಂದುವು. 1902ರ ಜೂನ್ 30ರಂದು ಇಲ್ಲಿಯ ವಿದ್ಯುತ್ತು 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಶೇಷಾದ್ರಿ ಅಯ್ಯರ್ ಅವರು ಅದನ್ನು ಕಾಣಲು ಉಳಿದಿರಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು. 1905ರ ಆಗಸ್ಟಿನಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಇಲ್ಲಿಂದಲೇ ದೀಪ ಹೋಯಿತು.

ನನ್ನ ಅಜ್ಜ ಈ ವಿದ್ಯುದಾಗಾರದಲ್ಲಿ ಕೂಲಿಯಾಗಿದ್ದವರು. ದಿನವೂ ಮೆಟ್ಟಿಲಿಳಿದು ಮೆಟ್ಟಿಲು ಹತ್ತಿದವರು. ಸಂಜೆ ಜಗಲಿಯ ಮೇಲೆ ಕುಳಿತು, "ಮಗಾ, ಮೈಸೂರು ಅರಮನೇಲಿ ಉರಿಯೋ ದೀಪಕ್ಕೆ ಎಣ್ಣೆ ಹೊಯ್ಯೋರು ನಾವೇ ಕಣೋ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಹೇಳುತ್ತಿದ್ದುದು ಮಾತ್ರ ಬುಡ್ಡಿಯ ಬೆಳಕಿನಲ್ಲಿ. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆ ನಮ್ಮ ಹಳ್ಳಿಗಳ ಪಾಲಿಗೆ ಬಹಳ ಕಾಲ ಅಕ್ಷರಶಃ ಸತ್ಯವಾಗಿತ್ತು. ಶಿಂಷಾ ವಿದ್ಯುದಾಗಾರ ಆರಂಭವಾದುದು 1940ರಲ್ಲಿ. ಆದುದರಿಂದ 1931ರಲ್ಲಿ ಲಲಿತಮಹಲಿನ ತೂಗುದೀಪಗಳು ಮೊದಲು ಬೆಳಗಿದಾಗ ಅಲ್ಲಿ ಉರಿದುದು ನಮ್ಮ ಬ್ಲಫ್ಫಿನ ನೀರೇ. ಮಂಡ್ಯ ಸೀಮೆಯ ಶಿಕ್ಷಕನೊಬ್ಬ ಮೈಸೂರಿನ ಅತಿಥಿಗೃಹದ ವಿಷಯವನ್ನು ಬರೆಯಲು ಇರುವ ಅಧಿಕಾರ ಇಷ್ಟು.

ಕಟ್ಟಿಸಿದವರು, ಕಟ್ಟಿದವರು

ನಾಲ್ವಡಿ ಕೃಷ್ಣರಾಜ ಒಡೆಯರವರು 1884ರಲ್ಲಿ ಜನಿಸಿ, 1902ರ ಆಗಸ್ಟ್ 8ರಂದು ವೈಸರಾಯ್ ಕರ್ಜನ್ನರ ಸಮ್ಮುಖದಲ್ಲಿ ರಾಜ್ಯಾಧಿಕಾರವನ್ನು ವಹಿಸಿಕೊಂಡರು. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಗಿತ್ತು. ಹೆನ್ರಿ ಇರ್ವಿನ್ನರ ನಕ್ಷೆಯಂತೆ ಎದ್ದ ಹೊಸ ಅರಮನೆ 1912ರಲ್ಲಿ ಪೂರ್ಣವಾಯಿತು. ಮೈಸೂರಿನ ದಸರಾ, ಕಾಕನಕೋಟೆಯ ಆನೆ ಹಿಡಿಯುವ ಖೆಡ್ಡಾ, ಸಂಸ್ಥಾನದ ಕಾರ್ಖಾನೆಗಳು ಇವನ್ನೆಲ್ಲ ನೋಡಲು ವೈಸರಾಯರೂ ಇತರ ಯುರೋಪಿಯನ್ನರೂ ಬರುತ್ತಿದ್ದರು. ಬಂದವರನ್ನು ಇಳಿಸಲು ಯೋಗ್ಯವಾದ ಮನೆಗಳು ಬೇಕಾದುವು. ಇಪ್ಪತ್ತನೆಯ ಶತಮಾನದ ಎರಡನೆಯ ಮೂರನೆಯ ದಶಕಗಳಲ್ಲಿ ಮೈಸೂರು ಅತಿಥಿಗೃಹಗಳ ನಗರವಾಯಿತೆಂದರೂ ತಪ್ಪಿಲ್ಲ. ಈಗ ಹೋಟೆಲಾಗಿರುವ ಮೆಟ್ರೋಪೋಲ್ ಕಟ್ಟಡವೂ ಬ್ರಿಟಿಷ್ ಅತಿಥಿಗಳಿಗಾಗಿ ಮಹಾರಾಜರೇ ಕಟ್ಟಿಸಿದ್ದು.

ಇವೆಲ್ಲಕ್ಕೂ ಕಲಶವಿಟ್ಟಂತೆ, ವೈಸರಾಯರ ವಾಸ್ತವ್ಯಕ್ಕೆಂದೇ ಬೇರೊಂದು ಸೌಧವನ್ನು ಕಟ್ಟಿಸಲು ನಿರ್ಧಾರವಾಯಿತು. 1921ರ ನವೆಂಬರ್ 18ರಂದು ನಾಲ್ವಡಿಯವರೇ ಶಂಕುಸ್ಥಾಪನೆ ಮಾಡಿದರು. ನಕ್ಷೆಯನ್ನು ರಚಿಸಿದವರು ಮುಂಬಯಿಯ ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿ, ಕಟ್ಟಿದವರು ಬಿ. ಮುನಿವೆಂಕಟಪ್ಪನವರು. ತಗಲಿದ ವೆಚ್ಚ 13 ಲಕ್ಷ ರೂಪಾಯಿಗಳೆಂದು ಪ್ರಸಿದ್ಧಿ. ಕೆಲಸ ಪೂರ್ಣವಾದುದು 1931ರಲ್ಲಿ. ಅದೇ ದಶಕದಲ್ಲಿ ಸಂಸ್ಥಾನವು ಕನ್ನಂಬಾಡಿಯ ಕಟ್ಟೆಯನ್ನೂ ಕಟ್ಟುತ್ತಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಕಟ್ಟೆ ನಮ್ಮ ಮಂಡ್ಯದ ಒಣಭೂಮಿಯನ್ನು ಗದ್ದೆಯಾಗಿಸಿತು. ಮಹಲು ಅತಿಥಿಯನ್ನು ಕಾಯುತ್ತ ನಿಂತಿತು. ಎರಡನ್ನೂ ಒಬ್ಬರೇ ಅರಸರು ಕಟ್ಟಿಸಿದರು.

ಸೌಧ ಎರಡು ಅಂತಸ್ತಿನದು. ಮುಂಭಾಗದಲ್ಲಿ ಜೋಡಿಜೋಡಿಯಾಗಿ ನಿಂತ ಗ್ರೀಕ್ ಮಾದರಿಯ ಕಂಬಗಳು, ಮೇಲೆ ಗುಮ್ಮಟಗಳು. ನಡುವಿನ ಮಹಾಗುಮ್ಮಟ ಉಳಿದೆಲ್ಲವನ್ನೂ ಮೀರಿ ನಿಂತಿದೆ. ಲಂಡನ್ನಿನಲ್ಲಿ ಕ್ರಿಸ್ಟೊಫರ್ ರೆನ್ ಕಟ್ಟಿದ ಸಂತ ಪಾಲನ ಮಹಾದೇವಾಲಯದ ಗುಮ್ಮಟವೇ ಇದಕ್ಕೆ ಮಾದರಿಯೆಂದು ಬಲ್ಲವರು ಹೇಳುತ್ತಾರೆ. ಒಳಗೆ ಇಟಲಿಯ ಅಮೃತಶಿಲೆಯ ಸೋಪಾನ, ಬಣ್ಣದ ಗಾಜು, ಮರದ ಕೆತ್ತನೆ, ಹಳೆಯ ಕಾಲದ ಲಿಫ್ಟು. ಪಾಶ್ಚಾತ್ಯ ಕ್ರಮದ ನೃತ್ಯಕ್ಕಾಗಿ ವಿಶಾಲವಾದ ಶಾಲೆಯೊಂದಿದ್ದು, ಅದರ ಮಾಳಿಗೆಯಲ್ಲಿ ಬೆಲ್ಜಿಯಂ ಗಾಜಿನ ಗುಮ್ಮಟಗಳ ಮೂಲಕ ಬೆಳಕು ಇಳಿಯುತ್ತದೆ. ಅದೇ ಮುಂದೆ ಹೋಟೆಲಿನ ಭೋಜನಶಾಲೆಯಾಯಿತು.

ವೈಸರಾಯರಿಗೆ ಪ್ರತ್ಯೇಕ ಸೌಧವೇಕೆ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಚಕ್ರವರ್ತಿಯ ಪ್ರತಿನಿಧಿಗೆ ಸಲ್ಲಬೇಕಾದ ಗೌರವವೆಂಬುದು ಮೊದಲನೆಯದು. ಎರಡನೆಯದು ಊಟದ ವಿಷಯ. ಅತಿಥಿಗಳ ಆಹಾರಕ್ರಮ ಬೇರೆ, ಅರಮನೆಯ ಆಚಾರ ಬೇರೆ. ನಾಲ್ವಡಿಯವರು ತಮ್ಮ ಆಚಾರದಲ್ಲಿ ಬಹು ನಿಷ್ಠರು. ವೈಸರಾಯರಿಗೆ ಔತಣ ಏರ್ಪಡಿಸಿದಾಗಲೂ ಊಟ ಮುಗಿಯುವವರೆಗೆ ಮಹಾರಾಜರು ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಿರಲಿಲ್ಲ. ಭೋಜನಾನಂತರ ಸಭೆಗೆ ದಯಮಾಡಿಸಿ, ಅತಿಥಿಗಳ ಪಕ್ಕದಲ್ಲಿ ಆಸೀನರಾಗಿ, ಸ್ವಾಗತ ಭಾಷಣ ಮಾಡುತ್ತಿದ್ದರು.

ಆ ಬಾಲಕಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದು. ಇಲ್ಲವಮ್ಮ, ಮಹಾರಾಜರು ಜೊತೆಯಲ್ಲಿ ಕುಳಿತು ಉಣ್ಣುತ್ತಿರಲಿಲ್ಲ. ಅದು ಅವರ ಕೊರತೆಯೆಂದು ನಾನು ಹೇಳಲಾರೆ. ಪರರ ಊಟವನ್ನು ನಿಂದಿಸದೆ, ತಮ್ಮ ಊಟವನ್ನು ಬಿಡದೆ, ಇಬ್ಬರಿಗೂ ನೋವಾಗದಂತೆ ನಡೆದುಕೊಂಡ ದಾಕ್ಷಿಣ್ಯ ಅದರಲ್ಲಿದೆ. ಆದರೆ ಇಷ್ಟನ್ನೂ ಹೇಳಬೇಕು: ಆ ಭವ್ಯವಾದ ಮನೆ ಅತಿಥಿಗೆ ತೋರಿದ ಗೌರವವೂ ಹೌದು, ಅತಿಥಿಗೂ ಅತಿಥೇಯನಿಗೂ ನಡುವೆ ಎದ್ದ ಗೋಡೆಯೂ ಹೌದು. ಜೊತೆಗೆ, ಆ ಸೋಪಾನವನ್ನು ಉಜ್ಜಿ ಹೊಳೆಯಿಸಿದ ಊಳಿಗದವರು ಅಲ್ಲಿಯ ಯಾವ ಪಂಕ್ತಿಗೂ ಸೇರಿದವರಲ್ಲ.

ಅತಿಥಿ ಹೊರಟುಹೋದ ಮೇಲೆ

ಮಹಲು ಪೂರ್ಣವಾಗಿ ಹದಿನಾರು ವರ್ಷಗಳಲ್ಲಿ, 1947ರಲ್ಲಿ, ಬ್ರಿಟಿಷರ ಪ್ರಭುತ್ವ ಮುಗಿಯಿತು. ಕಟ್ಟಲು ಹತ್ತು ವರ್ಷ ಹಿಡಿದ ಮನೆಗೆ ಅದರ ಉದ್ದಿಷ್ಟ ಅತಿಥಿ ದೊರೆತುದು ಹದಿನಾರು ವರ್ಷ ಮಾತ್ರ. ಮನೆ ಕಟ್ಟಿಸಿದವರೂ 1940ರಲ್ಲಿಯೇ ಕಾಲವಾಗಿದ್ದರು. ಯಾವ ಮನೆಯನ್ನು ಒಬ್ಬ ಅತಿಥಿಗೆಂದೇ ಕಟ್ಟುತ್ತೇವೆಯೋ, ಆ ಅತಿಥಿ ಬರುವುದು ನಿಂತಾಗ ಆ ಮನೆಗೆ ಬೇರೆ ಪ್ರಯೋಜನವನ್ನು ಹುಡುಕಬೇಕಾಗುತ್ತದೆ.

1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಿತು. ಅದರ ಹದಿನೈದನೆಯ ಅನುಚ್ಛೇದವನ್ನು ನಾನು ಮಕ್ಕಳಿಗೆ ಪಾಠ ಮಾಡುವಾಗ ಒಂದು ಸಂಗತಿಯನ್ನು ವಿಶೇಷವಾಗಿ ತೋರಿಸುವುದುಂಟು. ಜಾತಿ, ಮತ, ಲಿಂಗ, ಹುಟ್ಟಿದ ಸ್ಥಳ ಮೊದಲಾದ ಕಾರಣಗಳಿಂದ ಅಂಗಡಿ, ಉಪಾಹಾರಗೃಹ, ಹೋಟೆಲು ಇವುಗಳಿಗೆ ಯಾರಿಗೂ ಪ್ರವೇಶವನ್ನು ನಿರ್ಬಂಧಿಸಬಾರದೆಂದು ಅದು ವಿಧಿಸುತ್ತದೆ. ಆಂಗ್ಲ ಮೂಲದಲ್ಲಿ ಹೋಟೆಲಿನ ಮಗ್ಗುಲಲ್ಲಿಯೇ ಸಾರ್ವಜನಿಕ ವಿನೋದದ ಸ್ಥಳಗಳನ್ನು ಹೇಳುವಾಗ ಅರಮನೆ ಎಂಬರ್ಥದ ಶಬ್ದವೇ ಬಂದಿದೆ. ನಮ್ಮ ತಂದೆಯ ಕಾಲದ ಹೋಟೆಲುಗಳನ್ನು ಬಲ್ಲವರಿಗೆ ಈ ವಿಧಿಯ ಬೆಲೆ ತಿಳಿಯುತ್ತದೆ. ಕೆಲವು ಜಾತಿಯವರಿಗೆ ಪ್ರತ್ಯೇಕ ಕೊಠಡಿ, ಕೆಲವರಿಗೆ ಹೊರಗಿನ ಜಗಲಿ, ಇನ್ನು ಕೆಲವರಿಗೆ ಅದೂ ಇಲ್ಲ. ಕಾಸಿದ್ದವನಿಗೂ ಕಾಫಿ ದೊರೆಯದ ಕಾಲವದು. ರೈಲು ಬಂದ ಮೇಲೆ ಮದ್ದೂರಿನಂಥ ನಿಲ್ದಾಣಗಳ ಉಪಾಹಾರಗೃಹಗಳಲ್ಲಿ ಹಸಿವೆಗೂ ಗಾಡಿಯ ವೇಳೆಗೂ ತಾಳಲಾರದೆ ಕಟ್ಟು ಕೊಂಚ ಸಡಿಲವಾಯಿತು. ಮದ್ದೂರು ವಡೆಯನ್ನು ಕಾಗದದಲ್ಲಿ ಸುತ್ತಿಕೊಂಡು ಗಾಡಿ ಹತ್ತಿದವನ ಜಾತಿಯನ್ನು ಯಾರೂ ಬಗೆಹರಿಸುತ್ತ ನಿಲ್ಲುವಂತಿರಲಿಲ್ಲ. ಆದರೂ ಬಾಗಿಲನ್ನು ಹಕ್ಕಿನಿಂದ ತೆರೆಸಿದುದು ಸಂವಿಧಾನವೇ.

ಮುಂದೆ 1971ರಲ್ಲಿ ಅರಸು ಮನೆತನಗಳ ರಾಜಧನ ರದ್ದಾಯಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. 1974ರಲ್ಲಿ ಲಲಿತಮಹಲು ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಅಶೋಕ ಹೋಟೆಲುಗಳ ಬಳಗಕ್ಕೆ ಸೇರಿ ಹೋಟೆಲಾಯಿತು. ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರವರು ತೀರಿಕೊಂಡದ್ದೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಹೀಗೆ ಅರಮನೆಯೆಂಬ ಪದದ ಅರ್ಥವೇ ನಾಲ್ಕು ವರ್ಷಗಳೊಳಗೆ ಬದಲಾಗಿ ಹೋಯಿತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕೇಂದ್ರದ ನಿಗಮ ಅದನ್ನು ನಡೆಸಿತು. 2018ರಲ್ಲಿ ಅದು ಕರ್ನಾಟಕ ಸರ್ಕಾರದ ವಶಕ್ಕೆ ಮರಳಿತು. ನಿರ್ವಹಣೆಯನ್ನು ರಾಜ್ಯದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಗೆ ವಹಿಸಲಾಯಿತು. 1980ರಲ್ಲಿ ಹುಟ್ಟಿ, ಕಬಿನಿಯ ಕಾಡಂಚಿನಲ್ಲಿ ವನ್ಯಪ್ರಾಣಿಗಳನ್ನು ನೋಡಬಂದವರಿಗೆ ಬಿಡಾರಗಳನ್ನು ಕಟ್ಟಿ ಹೆಸರಾದ ಸಂಸ್ಥೆ ಅದು. ಖೆಡ್ಡಾ ನೋಡಲು ಬಂದ ವೈಸರಾಯರ ಮಹಲು ಕಾಡಿನ ಬಿಡಾರದವರ ಕೈಗೆ ಬಂದಿತೆಂಬುದು ಚರಿತ್ರೆಯ ಒಂದು ಸೋಜಿಗ.

ಅನ್ಯದೇಶದ ನಿದರ್ಶನಗಳು

ಇಂಥ ಮನೆಗಳ ಭಾಗ್ಯ ನಮ್ಮಲ್ಲಿ ಮಾತ್ರ ಹೀಗೆ ತಿರುಗಿತೆಂದು ಭಾವಿಸಬೇಕಾಗಿಲ್ಲ. ದಕ್ಷಿಣ ಅಮೆರಿಕದ ಅಮೆಜಾನ್ ಮಳೆಕಾಡಿನ ನಟ್ಟನಡುವೆ ಮನಾಸ್ ಎಂಬ ನಗರವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಬ್ಬರಿನ ಹಾಲಿನಿಂದ ಆ ಊರಿಗೆ ಅಪಾರ ಸಂಪತ್ತು ಹರಿಯಿತು. 1896ರಲ್ಲಿ ಅಲ್ಲಿ ಯುರೋಪಿನ ಅಮೃತಶಿಲೆ, ಗಾಜುಗಳನ್ನು ತರಿಸಿ ಗುಮ್ಮಟವುಳ್ಳ ಮಹಾನಾಟ್ಯಶಾಲೆಯನ್ನು ತೆರೆದರು. ಆದರೆ ಹೆನ್ರಿ ವಿಕಮ್ ಎಂಬ ಆಂಗ್ಲನು 1876ರಲ್ಲಿಯೇ ರಬ್ಬರಿನ ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ್ದನು. ಅವುಗಳ ಸಸಿಗಳು 1877ರಲ್ಲಿ ಸಿಂಗಪುರವನ್ನು ತಲಪಿದುವು. ಮಲಯದ ತೋಟಗಳು ಫಲಕ್ಕೆ ಬಂದ ಮೇಲೆ ಮನಾಸಿನ ಸಿರಿ 1912ರ ಸುಮಾರಿಗೆ ಇಳಿದುಹೋಯಿತು. ಕಟ್ಟಡಗಳು ಉಳಿದುವು, ಅವನ್ನು ಕಟ್ಟಿಸಿದ ಸಂಪತ್ತು ಊರನ್ನು ಬಿಟ್ಟುಹೋಯಿತು.

ಆ ಸಂಪತ್ತು ತಿರುಗಿದ ದಿಕ್ಕಿನಲ್ಲಿ, ಸಿಂಗಪುರದಲ್ಲಿ, ಸಾರ್ಕೀಸ್ ಎಂಬ ಆರ್ಮೇನಿಯನ್ ಸೋದರರು 1887ರಲ್ಲಿ ಹತ್ತು ಕೊಠಡಿಗಳ ಹಳೆಯ ಬಂಗಲೆಯೊಂದರಲ್ಲಿ ರಾಫಲ್ಸ್ ಹೋಟೆಲನ್ನು ಆರಂಭಿಸಿದರು. ಹೋಟೆಲು ಬೆಳೆದು, ಯುದ್ಧಗಳನ್ನು ಕಂಡು, ಹಳತಾಗಿ, 1987ರಲ್ಲಿ ಆ ದೇಶದ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾಯಿತು. ಮುಂಬಯಿಯಲ್ಲಿ ಜಮಷೇಟ್ಜಿ ಟಾಟಾ ಅವರು 1903ರಲ್ಲಿ ತಾಜಮಹಲ್ ಹೋಟೆಲನ್ನು ತೆರೆದರು. ನಮ್ಮ ಬ್ಲಫ್ಫಿನ ದೀಪ ಕೋಲಾರವನ್ನು ಮುಟ್ಟಿದ ಮರುವರ್ಷ ಅದು. ಸಿಂಗಪುರದ್ದೂ ಮುಂಬಯಿಯದೂ ಮೊದಲಿನಿಂದಲೂ ಹೋಟೆಲುಗಳು, ವ್ಯಾಪಾರವೇ ಅವುಗಳ ಹುಟ್ಟು. ಲಲಿತಮಹಲಿನ ಹುಟ್ಟು ವ್ಯಾಪಾರವಲ್ಲ. ಅದರ ಮೊದಲ ಅತಿಥಿಗಳು ಹಣ ಕೊಡಲಿಲ್ಲ. ಬಳಿಕ ಬಂದವರು ಹಣವಿಲ್ಲದೆ ಒಳಗೆ ಉಳಿಯಲಾರರು. ಅದೇ ಕಂಬ, ಅದೇ ಸೋಪಾನ. ಬಾಗಿಲನ್ನು ತೆರೆಯುವ ಕೀಲಿಕೈ ಮಾತ್ರ ಬೇರೆಯಾಯಿತು.

ಬಾಗಿಲಿನ ಬಳಿ

ಮೈಸೂರಿನಲ್ಲಿ ವಿದ್ವತ್ ಪರೀಕ್ಷೆಗೆ ಓದುತ್ತಿದ್ದಾಗ ನಾನು ಮಠವೊಂದರ ಉಚಿತ ಪ್ರಸಾದನಿಲಯದಲ್ಲಿದ್ದೆ. ಒಂದು ಭಾನುವಾರ ಸಂಜೆ ಗೆಳೆಯನೊಬ್ಬನೊಡನೆ ನಡೆದುಕೊಂಡೇ ಲಲಿತಮಹಲಿನ ದಾರಿಗೆ ಹೋದೆ. ಅಜ್ಜ ಹೇಳುತ್ತಿದ್ದ ದೀಪವನ್ನು ಕಣ್ಣಾರೆ ನೋಡಬೇಕೆಂಬುದು ಆಸೆ. ಹೊರಗಿನ ದ್ವಾರದವರೆಗೆ ಹೋಗಿ ನಿಂತೆವು. ನಮ್ಮನ್ನು ಯಾರೂ ತಡೆಯಲಿಲ್ಲ. ಬನ್ನಿರೆಂದು ಕರೆಯಲೂ ಇಲ್ಲ. ನನ್ನ ಪಂಚೆಯ ಮಾಸಲು, ಗೆಳೆಯನ ಸವೆದ ಚಪ್ಪಲಿ ಎರಡೂ ನಮ್ಮ ಕಣ್ಣಿಗೆ ಒಮ್ಮೆಲೇ ಬಿದ್ದುವು. ಸಂವಿಧಾನದ ಹದಿನೈದನೆಯ ಅನುಚ್ಛೇದ ನನಗೆ ಆಗಲೂ ಕಂಠಸ್ಥವೇ. ಆದರೂ ಕಾಲು ಮುಂದೆ ಬರಲಿಲ್ಲ. ದೀಪ ಹತ್ತುವವರೆಗೆ ನಿಂತು ನೋಡಿ ಹಿಂತಿರುಗಿದೆವು.

ನಿಲಯಕ್ಕೆ ಬರುವಾಗ ಊಟದ ವೇಳೆ ಮೀರಿತ್ತು. ಬೈಸಿಕೊಳ್ಳುವೆವೆಂದು ಹಿಂಬಾಗಿಲಿನಿಂದ ಬಂದೆವು. ಅಡಿಗೆಯ ಅಯ್ಯನವರು ಏನನ್ನೂ ಕೇಳದೆ ಎಲೆ ಹಾಕಿದರು. ಮುದ್ದೆ ಆರಿತ್ತು, ಸಾರನ್ನು ಮತ್ತೆ ಕಾಯಿಸಿ ಬಡಿಸಿದರು. ತಾವೂ ಇನ್ನೂ ಉಂಡಿರಲಿಲ್ಲವೆಂದು ಎದುರಿಗೇ ಕುಳಿತು ಉಂಡರು. ಆ ದಿನ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಬಾಲಕಿಯ ಪ್ರಶ್ನೆಯ ಬಳಿಕ, ಮೂವತ್ತು ವರ್ಷಗಳ ಮೇಲೆ, ಆ ಎರಡು ಬಾಗಿಲುಗಳು ಒಟ್ಟಿಗೆ ನೆನಪಾದುವು.

ವಿಚಾರಸಾರ

ಈವರೆಗೆ ಹೇಳಿದುದನ್ನು ಸಂಗ್ರಹಿಸಿದರೆ, ತಂಗುವ ಮನೆಯ ಬಾಗಿಲು ನಾಲ್ಕು ಬಗೆಯಲ್ಲಿ ತೆರೆಯುವುದನ್ನು ಕಾಣುತ್ತೇವೆ. ಪದವಿಗೆ ತೆರೆಯುವುದು ಮೊದಲನೆಯದು. 1931ರ ಲಲಿತಮಹಲು ಅದಕ್ಕೆ ನಿದರ್ಶನ. ಹಕ್ಕಿಗೆ ತೆರೆಯುವುದು ಎರಡನೆಯದು. 1950ರಲ್ಲಿ ಶಾಸನ ಅದನ್ನು ತೆರೆಯಿತು. ಹಣಕ್ಕೆ ತೆರೆಯುವುದು ಮೂರನೆಯದು. 1974ರಿಂದ ಮಹಲಿನಲ್ಲಿ ಆದುದು ಇದು. ಹಸಿವೆಗೆ ತೆರೆಯುವುದು ನಾಲ್ಕನೆಯದು. ಅದನ್ನು ನಮ್ಮ ಹಿರಿಯರು ದಾಸೋಹವೆಂದು ಕರೆದರು.

ಇವುಗಳಲ್ಲಿ ಹಣದ ಬಾಗಿಲನ್ನು ನಾನು ಹೀಗಳೆಯುವುದಿಲ್ಲ. ವೈಸರಾಯರ ಸೋಪಾನವನ್ನು ಮದ್ದೂರಿನ ಬೆಲ್ಲದ ವ್ಯಾಪಾರಿಯ ಮಗಳೂ ಮದುವೆಯ ದಿನ ಹತ್ತಬಹುದಾದುದು ಸಣ್ಣ ಮಾತಲ್ಲ. ಮಹಲಿನ ಮಾಳಿಗೆ ಸೋರದಂತೆ ನೋಡಿಕೊಳ್ಳಲೂ ಹಣ ಬೇಕು. ಹೋಟೆಲಾಗದಿದ್ದರೆ ಎಷ್ಟೋ ಹಳೆಯ ಮಹಲುಗಳಂತೆ ಇದೂ ಪಾರಿವಾಳಗಳ ಬೀಡಾಗುತ್ತಿತ್ತೇನೋ. ಹಕ್ಕಿನ ಬಾಗಿಲಂತೂ ಇಲ್ಲದೆ ಉಳಿದ ಯಾವ ಬಾಗಿಲಿಗೂ ಮರ್ಯಾದೆಯಿಲ್ಲ. ಆದರೆ ಹಕ್ಕು ಬಾಗಿಲನ್ನು ತೆರೆಯಬಲ್ಲುದೇ ಹೊರತು, ದ್ವಾರದಲ್ಲಿ ಸಂಕೋಚದಿಂದ ನಿಂತ ಹುಡುಗನ ಕೈಹಿಡಿದು ಒಳಗೆ ಕರೆತರಲಾರದು. ಆ ಕೆಲಸ ಮನೆಯವರದು.

ಲಲಿತಮಹಲನ್ನು ಕಾಪಾಡಿಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ಅದು ಸಂಸ್ಥಾನದ ತೆರಿಗೆಯಿಂದ ಎದ್ದುದು, ನಮ್ಮವರ ಬೆವರಿನಿಂದ ಬೆಳಗಿದುದು. ಅಲ್ಲಿ ವಾಸ್ತವ್ಯ ಹೂಡಲಾಗದ ಶಾಲಾಮಕ್ಕಳಿಗೂ ನಿಯತಕಾಲದಲ್ಲಿ ಒಳಗೆಲ್ಲ ಸುತ್ತಿ ನೋಡುವ ಅವಕಾಶವಿರಬೇಕು. ಅವರೆದುರಿಗೆ ಅದರ ಚರಿತ್ರೆಯನ್ನು ಹೇಳುವವರೂ ಇರಬೇಕು. ಆ ಹೇಳಿಕೆಯಲ್ಲಿ ಬ್ಲಫ್ಫಿನ ಹೆಸರೂ ಒಮ್ಮೆ ಬಂದರೆ ನನ್ನ ಅಜ್ಜನಂಥವರ ಆತ್ಮಕ್ಕೆ ತೃಪ್ತಿ.

ಕೊನೆಯದಾಗಿ, ಈ ಸಂಚಿಕೆಯನ್ನು ಓದುವ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಅರಿಕೆ. ಹಾಸ್ಟೆಲು, ಹೋಟೆಲು ಒಂದೇ ತಾಯಿಯ ಮಕ್ಕಳೆಂದು ಮೊದಲೇ ಹೇಳಿದೆ. ಇವೆರಡೂ ಒಂದನ್ನೊಂದು ನೋಡಿ ಕಲಿಯುವ ಕಾಲ ಇದು. ನಿಲಯದ ಗೋಡೆಗಳಿಗೆ ಅಮೃತಶಿಲೆ ಹೊದಿಸುವ ಉತ್ಸಾಹ ಎಲ್ಲೆಡೆ ಕಾಣುತ್ತಿದೆ. ಅದರ ಬೆನ್ನಿಗೇ ಶುಲ್ಕದ ಪಟ್ಟಿಯೂ ಬರುತ್ತಿದೆ. ಕಟ್ಟಡ ಚೆನ್ನಾಗಿರಲಿ, ಬೇಡವೆನ್ನುವವರಾರು? ಆದರೆ ತಿಥಿ ನೋಡದೆ, ವೇಳೆ ಮೀರಿ, ಹಿಂಬಾಗಿಲಿನಿಂದ ಬಂದ ಹಳ್ಳಿಯ ಹುಡುಗನಿಗೆ ಎಲೆ ಹಾಕಿ, ಎದುರಿಗೆ ಕುಳಿತು ತಾನೂ ಉಣ್ಣುವ ಒಬ್ಬ ಅಯ್ಯನವರು ಆ ಕಟ್ಟಡದಲ್ಲಿ ಇರಬೇಕು. ಅಂಥವರಿಗೆ ಸಂಬಳವನ್ನೂ ಉಗ್ರಾಣಕ್ಕೆ ರಾಗಿಯನ್ನೂ ಒದಗಿಸುವ ದಾನಕ್ಕೆ ಹೆಸರು ಕೆತ್ತುವ ಕಲ್ಲು ಸಿಗದೆ ಹೋದೀತು; ಫಲ ಮಾತ್ರ ಅದರಲ್ಲಿಯೇ ಹೆಚ್ಚು.

ಆ ಬಾಲಕಿ ಈಗ ಎಲ್ಲಿಯೋ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಈ ಸಂಚಿಕೆ ಅವಳ ಕೈಸೇರಿದರೆ, ಗುರುಗಳು ತಡವಾಗಿಯಾದರೂ ಉತ್ತರ ಹೇಳಿದರೆಂದು ತಿಳಿಯಲಿ. ಇತಿ ಶಂ.